ಗಾಲಿಮಠದ ಕೊಂಡಿ

ಹಾಲಯ್ಯಜ್ಜನಿಗೆ ಮಠವೊಂದಿತ್ತು, ಆದರೆ ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಯಾರೋ ಭಕ್ತರು ಕೊಟ್ಟ ಹಳೇ ಕ್ಯಾರವಾನ್ ಅದು. ಒಳಗೊಂದು ಮಂಚ, ಒಂದು ಒಲೆ, ಎರಡು ಕಿಟಕಿ. ಅದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಅಜ್ಜ ಊರಿಂದೂರಿಗೆ ಹೋಗುತ್ತಿದ್ದರು. ಜನ ಅದಕ್ಕೆ ಗಾಲಿಮಠ ಎಂದೇ ಹೆಸರಿಟ್ಟಿದ್ದರು.

ಊರಲ್ಲಿದ್ದಾಗ ಅಜ್ಜ ಉಪದೇಶ ಮಾಡುತ್ತಿರಲಿಲ್ಲ. ಜನ ಹೇಳಿಕೊಳ್ಳುವುದನ್ನು ಕೇಳುತ್ತಿದ್ದರು, ಅಷ್ಟೇ. ಹೇಳುವ ಮಾತೇನಿದ್ದರೂ ದಾರಿಯಲ್ಲಿ, ಜೀಪು ಓಡಿಸುವ ಶಿಷ್ಯನ ಹತ್ತಿರ ಮಾತ್ರ.

ಒಂಬತ್ತು ವರ್ಷದಿಂದ ಆ ಶಿಷ್ಯ ಕೋಟ್ರೇಶ. ಸ್ಟೀರಿಂಗ್ ಅವನದು, ಪಕ್ಕದ ಸೀಟು ಅಜ್ಜನದು, ಅಜ್ಜನ ಮಾತು ಪೂರಾ ಅವನದು. ಹಂಚಿಕೊಳ್ಳಲು ಇನ್ನೊಬ್ಬರಿರಲಿಲ್ಲ. ಪುಣ್ಯವಂತ.

ಆಮೇಲೆ ದ್ಯಾಮವ್ವ ಬಂದಳು.

ನಲವತ್ತರ ಹೆಂಗಸು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಟ್ರ್ಯಾಕ್ಟರ್ ಓಡಿಸಿ ಕಬ್ಬು ಸಾಗಿಸಿದವಳು. ಮಗಳ ಮದುವೆ ಮುಗಿಸಿ, ಒಂದು ಚೀಲ ಹಿಡಿದುಕೊಂಡು ಬಂದು, "ನಾನೂ ಬರ್ತೀನ್ರಿ ಅಜ್ಜಾರ" ಎಂದಳು. ಅಜ್ಜ ಹೂಂ ಎಂದರು. ದಾರಿಯಲ್ಲಿ ಆಕೆಯ ಜಾಗ ಹಿಂದೆ, ಗಾಲಿಮಠದೊಳಗೆ, ಪಾತ್ರೆಪಗಡಿಗಳ ಜೊತೆ. ಕೋಟ್ರೇಶ ಅಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದ.

ಆ ಸಲ ಹೊಳೆದಂಡೆಯಲ್ಲಿ ಬೀಡು ಬಿಟ್ಟಿದ್ದರು. ಅಜ್ಜನ ಮೊಣಕಾಲು ಊದಿತ್ತು.

ಜೀಪಿನ ಹಿಂದೆ ಒಂದು ಕಬ್ಬಿಣದ ಗುಂಡು, ಗಾಲಿಮಠದ ಮೂತಿಗೆ ಬಟ್ಟಲಿನಂಥ ಕೊಂಡಿ. ಗುಂಡು ಸರಿಯಾಗಿ ಕೊಂಡಿಯ ಕೆಳಗೆ ಬರಬೇಕು. ಓಡಿಸುವವನಿಗೆ ಅದು ಕಾಣುವುದಿಲ್ಲ. ಇಷ್ಟು ವರ್ಷ ಅಜ್ಜ ಹಿಂದೆ ನಿಂತು, "ಬಾ, ಬಾ, ಎಡಕ್ಕ, ಸಾಕು" ಎಂದು ಕೈ ಮಾಡುತ್ತಿದ್ದರು.

"ಕೋಟ್ರ್ಯಾ, ಇನ್ನ ನನಗ ನಿಂದ್ರಾಕ ಆಗಂಗಿಲ್ಲ. ದ್ಯಾಮವ್ವ ನಿಂದ್ರತಾಳ ತಗೋ" ಎಂದರು ಅಜ್ಜ.

"ಆಕಿ ನನಗ ಎಡಕ್ಕ ಬಲಕ್ಕ ಹೇಳೋದಾ?"

"ಯಾಕ, ಆಕಿಗೆ ಎಡಾ ಬಲಾ ಗೊತ್ತಿಲ್ಲೇನು?"

"ಯಾರೂ ಬ್ಯಾಡ್ರಿ. ನಾ ಒಬ್ಬನ ಹಾಕ್ತೀನಿ."

"ಹಂಗಾರ ಆತು. ಯಾರು ಒಬ್ಬರ ಕೊಂಡಿ ಹಾಕ್ತಾರೋ ಅವರ ಓಡಸ್ಲಿ" ಎಂದು ಅಜ್ಜ ಒಳಗೆ ಹೋಗಿ ಮಲಗಿದರು.

ಕೋಟ್ರೇಶ ಜೀಪು ಹತ್ತಿದ. ಹಿಂದಕ್ಕೆ ಬಿಡುತ್ತ ಕನ್ನಡಿ ನೋಡಿದ. ಕನ್ನಡಿಯ ಮೂಲೆಯಲ್ಲಿ ದ್ಯಾಮವ್ವ ಪಾತ್ರೆ ತಿಕ್ಕುತ್ತಿದ್ದಳು. ನಗುತ್ತಿದ್ದಾಳೋ? ಇಲ್ಲ. ಇತ್ತ ನೋಡುತ್ತಲೂ ಇಲ್ಲ! ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು. ಅಷ್ಟರಲ್ಲಿ ಧಡಾರ್ ಎಂದು ಜೀಪು ಗಾಲಿಮಠದ ಮೂತಿಗೆ ಗುದ್ದಿತು.

"ಕೋಟ್ರ್ಯಾ, ಭೂಕಂಪ ಆತೇನೋ?" ಒಳಗಿಂದ ಅಜ್ಜ ಕೇಳಿದರು.

ಮತ್ತೆ ಬಿಟ್ಟ. ಒಂದು ಮೊಳ ಎಡಕ್ಕೆ ಹೋಯಿತು. ಮತ್ತೆ ಬಿಟ್ಟ. ಬಲಕ್ಕೆ ಹೋಯಿತು. ಒಂದು ಸಲವಾದರೂ ಇಳಿದು ನೋಡಬಹುದಿತ್ತು. ಇಳಿದರೆ ಆಕೆಯ ಮುಂದೆ ಸೋತಂತೆ ಎಂದು ಮಹಾರಾಯ ಇಳಿಯಲೇ ಇಲ್ಲ.

ಸಂಜೆ ಅಜ್ಜ ದ್ಯಾಮವ್ವನಿಗೆ, "ನೀ ನೋಡು ತಂಗಿ" ಎಂದರು.

ಆಕೆ ಎರಡು ಕೋಲು ತಂದಳು. ಒಂದನ್ನು ಗುಂಡಿನ ಹತ್ತಿರ, ಇನ್ನೊಂದನ್ನು ಕೊಂಡಿಯ ಹತ್ತಿರ ನೆಟ್ಟಗೆ ಕಟ್ಟಿ, ತುದಿಗೆ ಕೆಂಪು ಬಟ್ಟೆ ಸುತ್ತಿದಳು. ಕನ್ನಡಿಯಲ್ಲಿ ಎರಡು ಕೆಂಪು ಒಂದರ ಹಿಂದೊಂದು ಬರುವಂತೆ ಹಿಂದಕ್ಕೆ ಬಂದಳು. ನಿಲ್ಲಿಸಿದಳು, ಇಳಿದಳು, ನೋಡಿದಳು, ಹತ್ತಿದಳು. ಹೀಗೆ ಐದು ಸಲ. ಆರನೇ ಸಲ ಇಳಿದು, ಕೊಂಡಿ ಇಳಿಸುವ ಹಿಡಿಕೆ ತಿರುಗಿಸಿದಾಗ ಕೊಂಡಿ ಟಕ್ ಎಂದು ಗುಂಡಿನ ಮೇಲೆ ಕೂತಿತು.

"ಐದು ಸಲ ಇಳದ್ರ ಯಾರಿಗಾರ ಬರತೈತಿ" ಎಂದ ಕೋಟ್ರೇಶ.

"ಹೌದ್ರಿ. ಕಾಣಲಿಲ್ಲಂದ್ರ ಇಳದು ನೋಡಬೇಕಲ್ರಿ" ಎಂದಳು ಆಕೆ, ಒಂದಿಷ್ಟೂ ಬೇಸರವಿಲ್ಲದೆ. ಆ ದಿನ ಹೊರಡುವುದಿರಲಿಲ್ಲ; ಕೋಲು, ಕೊಂಡಿ ಎರಡನ್ನೂ ಬಿಚ್ಚಿ ಜೀಪನ್ನು ಮೊದಲಿದ್ದಲ್ಲೇ ನಿಲ್ಲಿಸಿದಳು.

"ನಾಳೆ ಮುಂಜಾನೆ ಹೊರಡೋಣು. ದ್ಯಾಮವ್ವ ಓಡಸ್ಲಿ" ಎಂದರು ಅಜ್ಜ.

ನಾಳೆ ಅಜ್ಜನ ಮಾತು ಆಕೆಗೆ, ಪಾತ್ರೆಯ ಸದ್ದು ತನಗೆ. ಕೋಟ್ರೇಶ ಅನ್ನದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದ.

ಗಾಲಿಮಠದ ಬ್ರೇಕು ಕೆಟ್ಟು ಯಾವ ಕಾಲವಾಗಿತ್ತೋ. ದಂಡೆ ಹೊಳೆಯ ಕಡೆಗೆ ಇಳಿಜಾರು. ಎರಡು ಗಾಲಿಗೆ ಎರಡು ಕಲ್ಲು ಕೊಟ್ಟು ನಿಲ್ಲಿಸಿದ್ದರು.

ಬೆಳಿಗ್ಗೆ ದ್ಯಾಮವ್ವ ಕೋಲು ಕಟ್ಟುತ್ತಿದ್ದಾಗ ಕೋಟ್ರೇಶ ಆಚೆ ಬದಿಗೆ ಹೋಗಿ ಒಂದು ಕಲ್ಲನ್ನು ಕಿತ್ತು ಪೊದೆಗೆ ಎಸೆದ. ಎರಡು ಬೆರಳು ಜರುಗಿದರೆ ಸಾಕು, ಆಕೆಯ ಗುರಿ ತಪ್ಪುತ್ತದೆ, ಅಜ್ಜನ ಮುಂದೆ ಒಂದು ಸಲವಾದರೂ ಆಕೆ ಪೆಚ್ಚಾಗಲಿ. ಅಷ್ಟೇ ಅವನಿಗೆ ಬೇಕಾಗಿದ್ದುದು. ಅಜ್ಜ ಒಳಗೆ ಚಹಾ ಕುಡಿಯುತ್ತಿದ್ದರು.

ಜೀಪು ಬಂದು ಮೂತಿಗೆ ತಾಗಿತು. ಗಾಲಿಮಠ ಎರಡು ಬೆರಳು ಜರುಗಿತು. ಉಳಿದ ಇನ್ನೊಂದು ಕಲ್ಲೂ ಹಸಿಮಣ್ಣಿನಲ್ಲಿ ಜಾರಿತು. ಆಮೇಲೆ ಗಾಲಿಮಠ ಹೊಳೆಯ ಕಡೆಗೆ ಹೊರಟೇಬಿಟ್ಟಿತು.

"ಅಜ್ಜಾರ!" ಎಂದು ಕೋಟ್ರೇಶ ಚೀರಿದ. ಓಡಿಹೋಗಿ ಹಿಂಬದಿಗೆ ಹೆಗಲು ಕೊಟ್ಟ. ಅದು ಅವನನ್ನೂ ನೂಕಿಕೊಂಡು ಇಳಿಯಿತು. ದ್ಯಾಮವ್ವ ಜೀಪಿನಿಂದ ಜಿಗಿದು, ಒಲೆಗೆಂದು ತಂದಿದ್ದ ಮರದ ದಿಮ್ಮಿಯನ್ನು ಎಳೆದುತಂದು ಗಾಲಿಗೆ ಅಡ್ಡ ಒಗೆದಳು.

ನಿಂತಿತು. ಕೋಟ್ರೇಶ ಮಂಡಿಯುದ್ದ ನೀರಿನಲ್ಲಿದ್ದ.

ಅಜ್ಜ ಬಾಗಿಲು ತೆಗೆದು ಮೆಲ್ಲಗೆ ಇಳಿದರು. ಧೋತರದ ತುಂಬ ಚಹಾ ಚೆಲ್ಲಿತ್ತು.

"ಕಲ್ಲು ಏನಾತು?"

ಕೋಟ್ರೇಶ ನೀರಿನಿಂದ ಮೇಲೆ ಬಂದ.

ದ್ಯಾಮವ್ವ ಕಲ್ಲು ಕಿತ್ತ ಕುಳಿಯನ್ನು ನೋಡಿದಳು. ಕೋಟ್ರೇಶನ ಉಗುರಲ್ಲಿದ್ದ ಮಣ್ಣನ್ನು ನೋಡಿದಳು.

"ನನ್ನ ತಪ್ಪು ರೀ ಅಜ್ಜಾರ. ಜೀಪು ಬಿಡೂ ಮೊದಲ ಕಲ್ಲು ನೋಡಬೇಕಿತ್ತು. ನೋಡಲಿಲ್ಲ."

ಅಜ್ಜ ಆಕೆಯ ತಲೆಯ ಮೇಲೆ ಕೈಯಿಟ್ಟರು. "ಒಪ್ಕೊಂಡೆಲ್ಲ ತಂಗಿ, ಅಷ್ಟ ಸಾಕು."

ಆ ಕೈ! ಒಂಬತ್ತು ವರ್ಷದಲ್ಲಿ ಕೋಟ್ರೇಶನ ತಲೆಯ ಮೇಲೆ ಅದು ಬಂದದ್ದು ಎರಡೇ ಸಲ. ಅವನಿಗೆ ಆ ಎರಡು ದಿನವೂ ನೆನಪಿದ್ದವು. ಈಗ ತಾನು ಮಾಡಿದ ತಪ್ಪಿಗೆ ಸಿಕ್ಕ ಆಶೀರ್ವಾದವೂ ಆಕೆಗೇ? ಅವನಿಗೆ ತಡೆಯಲಾಗಲಿಲ್ಲ.

"ಆಕಿದಲ್ರೀ! ಅದು ನಂದು! ಕಲ್ಲು ನಾ ಕಿತ್ತೀನಿ!"

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೆ ಗೊತ್ತಾಯಿತು. ಅಲ್ಲೇ ದಂಡೆಯ ಮೇಲೆ ಕುಸಿದು ಕೂತು ಅತ್ತ.

"ಹೊಟ್ಟಿಕಿಚ್ಚಿಗೆ ಕಿತ್ತೆ, ಹೊಟ್ಟಿಕಿಚ್ಚಿಗೆ ಹೇಳಿದೆ ಅಜ್ಜಾರ. ಖರೇ ಹೇಳೋದೂ ನನಗ ನೆಟ್ಟಗ ಬರಲಿಲ್ಲ. ನೀವು ಒಳಗಿದ್ರಿ... ನಾ ಊರಿಗೆ ಹೋಗ್ತೀನ್ರಿ."

"ಹೋಗುವಂತಿ. ಮೊದಲ ಕೊಂಡಿ ಹಾಕ್ರಿ" ಎಂದರು ಅಜ್ಜ.

ದ್ಯಾಮವ್ವ ಜೀಪು ಹತ್ತಿದಳು. ಕೋಲುಗಳು ಮುರಿದುಬಿದ್ದಿದ್ದವು. ಕಿಟಕಿಯಿಂದ ತಲೆ ಹೊರಹಾಕಿ, "ಅಣ್ಣಾರ, ಒಂದೀಟು ಹಿಂದ ನಿಂದ್ರತೀರೇನು?" ಎಂದಳು.

ಕೋಟ್ರೇಶ ಕಣ್ಣೊರೆಸಿಕೊಂಡು ಎದ್ದು ನಿಂತ. "ಬರ್ರಿ... ಬರ್ರಿ... ಎಡಕ್ಕ... ಸಾಕು" ಎಂದ. ಕೊಂಡಿ ಕೂತಿತು.

ಅಷ್ಟರಲ್ಲಿ ಅಜ್ಜ ಗಾಲಿಮಠದೊಳಗೆ ಹೋಗಿ, ಪಾತ್ರೆಗಳನ್ನು ಬದಿಗೆ ಸರಿಸಿ, ಕಾಲು ಚಾಚಿ ಕೂತಿದ್ದರು.

"ಅಜ್ಜಾರ, ನಿಮ್ಮ ಜಾಗಾ ಮುಂದಲ್ರಿ?" ಎಂದ ಕೋಟ್ರೇಶ.

"ಅಲ್ಲಿ ಇವತ್ತು ನೀ ಕೂಡು."

"ನೀವು ಇಲ್ಲಿದ್ರ ಅಲ್ಲಿ ನನಗ ಹೇಳೋರು ಯಾರ್ರಿ?"

"ಮಂದಿ ತಪ್ಪನ್ನ ತನ್ನ ಮ್ಯಾಲೆ ಹಾಕ್ಕೊಳ್ಳೋದು ಹೆಂಗಂತ ಆಕಿಗೆ ಗೊತ್ತೈತಿ; ಎಪ್ಪತ್ತು ವರ್ಷಾದ್ರೂ ನನಗ ಅದು ಬಂದಿಲ್ಲ. ದಾರಿಯಾಗ ಕೇಳಿ ಕಲ್ಕೋ, ಮುಂದಿನ ಊರಾಗ ನನಗ ಹೇಳಿಕೊಡು."