ಅಪ್ಪಣೆ ನುಂಗಿದ ದೀಪ

ನಾಟಕದ ರಂಗದ ಮೇಲೆ ಎಲ್‌ಇಡಿ ದೀಪಗಳು ಸಾಲಾಗಿ ತೂಗುತ್ತಿದ್ದವು. ಬೆಳಗುವ ಅಪ್ಪಣೆ ಕೇಬಲ್ಲಿನಲ್ಲಿ ಮೊದಲ ದೀಪಕ್ಕೆ ಬರುತ್ತಿತ್ತು. ಪ್ರತಿ ದೀಪವೂ ಅದನ್ನು ಪಕ್ಕದ್ದಕ್ಕೆ ದಾಟಿಸಬೇಕಿತ್ತು.

"ಇವತ್ತು ರಾಜನ ಮೇಲೆ ನನ್ನದೊಂದೇ ಬೆಳಕು ಬೀಳಲಿ" ಎಂದು ಮೊದಲ ದೀಪ ಅಪ್ಪಣೆಯನ್ನು ನುಂಗಿಬಿಟ್ಟಿತು. ಉಳಿದ ದೀಪಗಳು ಹೊತ್ತಲೇ ಇಲ್ಲ.

"ಅಣ್ಣಾ, ನಮಗೇನೂ ಬರಲಿಲ್ಲ!"

"ಸೋಮಾರಿಗಳಾ, ಲೈಟಿನ ಸಿದ್ಲಿಂಗಪ್ಪ ಬಂದು ನಿಮ್ಮನ್ನೇ ಕಳಚುತ್ತಾನೆ, ನೋಡ್ತಾ ಇರಿ."

ನಾಟಕಕ್ಕೆ ಮುಂಚೆ ದೀಪ ಪರೀಕ್ಷಿಸಲು ಬಂದ ಸಿದ್ಲಿಂಗಪ್ಪ ಏಣಿ ಹತ್ತಿ, ನೇರ ಮೊದಲ ದೀಪಕ್ಕೇ ಕೈ ಹಾಕಿದ.

"ಅಯ್ಯೋ ಸ್ವಾಮಿ, ನಾನು ಉರೀತಾ ಇದೀನಲ್ಲ!"

"ಅದಕ್ಕೇ ಸಿಕ್ಕಿಬಿದ್ದೆ. ಅಪ್ಪಣೆ ನಿನ್ನವರೆಗೆ ಬಂದಿದೆ, ನಿನ್ನಿಂದಾಚೆಗೆ ಹೋಗಿಲ್ಲ."

ಅದನ್ನು ಕಳಚಿ ಪೆಟ್ಟಿಗೆಗೆ ಹಾಕಿ, ಕೇಬಲನ್ನು ಎರಡನೆಯದಕ್ಕೆ ಸಿಕ್ಕಿಸಿದ. ರಂಗವಿಡೀ ಝಗ್ಗೆಂದಿತು. ಪೆಟ್ಟಿಗೆಯೊಳಗೆ ಆ ದೀಪದ ಆಸೆಯೂ ಈಡೇರಿತು: ಅಲ್ಲಿ ಅದೊಂದೇ ಇತ್ತು.