ಕೈ ಕೊಟ್ಟ ಅಂಬಿಗ

ಡಂಗುರದವನು ಹೊಳೆದಂಡೆಯಲ್ಲಿ ನಿಂತು ಕೂಗಿದ: "ಕೇಳ್ರಪ್ಪೋ ಕೇಳಿ! ಕೃತಕ ಬುದ್ಧಿಯ ಯಂತ್ರವನ್ನು ನೀತಿಯಿಂದ ಬಳಸುವುದು ಹೇಗೆಂದು ಅರಮನೆ ಗುಮಾಸ್ತರಿಗೆ ಕಲಿಸುವವರು ಬೇಕು. ಅರಸರ ಮೂರು ಒಗಟು ಬಿಡಿಸಿದವರಿಗೆ ಆ ಕೆಲಸ, ಜೊತೆಗೆ ಕೇಳಿದ ವರ. ತಪ್ಪಿದರೆ ತಲೆ ಹೋಗುತ್ತದೆ!"

ಬಲೆ ಹೆಣೆಯುತ್ತಿದ್ದ ಕೆಂಚಿ ಎದ್ದಳು. ಅವಳಣ್ಣ ದುಗ್ಗನಿಗೆ ನಾಳೆ ಗಲ್ಲು. ಏನು ತಪ್ಪು ಮಾಡಿದ್ದ? ದೋಣಿ ಇಳಿಯುವಾಗ ರಾಣಿಗೆ ಕೈ ಕೊಟ್ಟಿದ್ದ. ಹಿಡಿದುಕೊಳ್ಳಲು! 'ಅಂಬಿಗ ರಾಣಿಗೆ ಕೈ ಕೊಟ್ಟ' ಎಂದು ಗುಮಾಸ್ತ ಯಂತ್ರಕ್ಕೆ ಹಾಕಿದ. 'ರಾಣಿಗೆ ದ್ರೋಹ ಬಗೆದವನಿಗೆ ಗಲ್ಲು' ಎಂದು ಅದು ಆಜ್ಞೆ ಬರೆಯಿತು. ಅರಮನೆಯ ಅನ್ನ ತಿನ್ನುವ ಒಬ್ಬನೂ ಅದನ್ನು ಓದಲಿಲ್ಲ.

ಆಸ್ಥಾನದಲ್ಲಿ ಅರಸ ಮೊದಲ ಒಗಟು ಹಾಕಿದ: "ನನ್ನ ಬಳಿಯಿದೆ, ಆದರೆ ನನ್ನದಲ್ಲ. ಇನ್ನೊಬ್ಬರ ಬಾಯಿಗೆ ಬಿದ್ದರೆ ಮತ್ತೆ ಕೈಗೆ ಬಾರದು. ಏನದು?"

ಆಸ್ಥಾನ ಪಂಡಿತ ಶಲ್ಯದ ಮರೆಯಲ್ಲಿ ಯಂತ್ರವನ್ನೇ ಕೇಳಿ, ಬಂದದ್ದನ್ನು ಗಟ್ಟಿಯಾಗಿ ಓದಿದ: "ತಾಂಬೂಲ. ಉತ್ತರವನ್ನು ಇನ್ನೂ ಮೊಟಕು ಮಾಡಿಕೊಡಲೇ?"

"ನೀವು ಬಿಡಿ ಬುದ್ಧೀ, ಮೊಟಕು ಮಾಡೋದು ನನ್ನ ಕೆಲಸ," ಎಂದ ತಲೆ ಕಡಿಯಲು ನಿಂತಿದ್ದ ಕೊಡಲಿಯವನು.

ದಿವಾನರ ಅಳಿಯನೂ "ತಾಂಬೂಲ" ಎಂದ, "ಮೊಟಕು ಮಾಡಿಕೊಡಲೇ" ಸಮೇತ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು.

ಕೆಂಚಿ ಮುಂದೆ ಬಂದಳು. "ಊರವರ ಗುಟ್ಟು, ಒಡೆಯಾ. ಮಂದಿ ನಂಬಿ ಹೇಳಿದ ಕಾಯಿಲೆ, ಮನೆಜಗಳ. ಅದನ್ನೆಲ್ಲ ಯಂತ್ರದ ಬಾಯಿಗೆ ತುರುಕೋಕೆ ಗುಮಾಸ್ತ ಯಾರು?"

"ಸರಿ. ಸತ್ಯವನ್ನೂ ಸುಳ್ಳನ್ನೂ ಒಂದೇ ದನಿಯಲ್ಲಿ ಹೇಳುವವರು ಯಾರು?"

"ಅದೇ ಯಂತ್ರ. ನಾಚಿಕೆ ಇದ್ದರಲ್ಲವೇ ದನಿ ನಡುಗೋದು? ಅದಕ್ಕೇ ಅದು ಬರೆದದ್ದನ್ನು ಓದಬೇಕು, ಕಂಡವರನ್ನು ಕೇಳಬೇಕು."

"ಕೊನೆಯದು. ಬರೆದದ್ದು ಯಂತ್ರ. ತಪ್ಪಾದರೆ ತಲೆ ತಗ್ಗಿಸಬೇಕಾದವರು ಯಾರು?"

"ರುಜು ಹಾಕಿದವರು." ಕೆಂಚಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮಣ್ಣನ ಗಲ್ಲಿಗೆ ರುಜು ಹಾಕಿದ್ದು ಯಾರು, ಒಡೆಯಾ?"

ಅರಸ ಆಜ್ಞೆ ತರಿಸಿ ನೋಡಿದ. ಅವನದೇ ರುಜು. "ನಾನು... ಓದಿರಲಿಲ್ಲ."

"ಓದದೆ ಬಿಗಿದರೆ ಕುಣಿಕೆ ಸಡಿಲ ಇರುತ್ತದಾ?"

ರಾಣಿ ತಡೆಯಲಾರದೆ ಎದ್ದಳು. "ಅವನು ಕೈ ಕೊಡದಿದ್ದರೆ ನಾನು ನೀರುಪಾಲಾಗುತ್ತಿದ್ದೆ! ನನ್ನನ್ನು ಒಬ್ಬರಾದರೂ ಕೇಳಿದಿರಾ?"

ಅರಸ ತಲೆ ತಗ್ಗಿಸಿದ. ಕೆಂಚಿ ಕೇಳಿದ ವರದಂತೆ ದುಗ್ಗ ಬಿಡುಗಡೆಯಾದ. ಕಂಬದಲ್ಲಿದ್ದವರನ್ನೂ ಅವಳೇ ಬಿಡಿಸಿದಳು. "ತಲೆ ಇಲ್ಲದವರಿಗೆ ಪಾಠ ಹೇಳೋದು ಹೇಗೆ?"

ಹೊಳೆಯಾಚೆ ಮೊದಲ ಪಾಠ. ಅರಸನೂ ಬಂದ. ದೋಣಿಯಂಚಿಗೆ ನಿಂತು, "ದುಗ್ಗಾ, ಸ್ವಲ್ಪ ಕೈ ಕೊಡೋ," ಎಂದ.

ದುಗ್ಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡ ಒಡೆಯಾ, ಹಾರಿಕೊಳ್ಳಿ."

ಅರಸ ಹಾರಿದ. ಮೊಣಕಾಲುದ್ದ ಕೆಸರಿನಲ್ಲೇ ನಡೆದು ಹೋಗಿ ಮುಂದಿನ ಸಾಲಿನಲ್ಲಿ ಕುಳಿತ.