ಮಳೆಹುಳುವಿನ ಕೆಂಪು ಕಂಬಳಿ

ಲೋಕ ಇನ್ನೂ ಹೊಚ್ಚಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಹಸಿಮಣ್ಣಿನ ವಾಸನೆ ಹೋಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹಳ್ಳಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಒಂದು ದಿನ ಈ ಕಡೆ ಹರಿದರೆ ಇನ್ನೊಂದು ದಿನ ಆ ಕಡೆ. ಆಗ ಎಲ್ಲರ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಮೋಡ ಮಾತಾಡುತ್ತಿತ್ತು, ಕುರಿಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಎರೆನೆಲದ ನಡುವಿನ ಒಂದು ದಿಬ್ಬದ ಮೇಲೆ ಲಗಮವ್ವ ಎಂಬ ಕುರುಬರ ಹೆಣ್ಣುಮಗಳಿದ್ದಳು. ಅವಳ ಗಂಡ ಅಮೋಗೆಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುತ್ತಿದ್ದ. ಉಣ್ಣೆ ಹಿಂಜುವುದು, ನೂಲುವುದು, ಬಣ್ಣ ಹಾಕುವುದು ಎಲ್ಲ ಲಗಮವ್ವನ ಕೆಲಸ. ನೀಲಿ ಸೊಪ್ಪಿನಿಂದ ನೀಲಿ ತೆಗೆಯುವಳು, ದಾಳಿಂಬೆ ಸಿಪ್ಪೆಯಿಂದ ಹಳದಿ ತೆಗೆಯುವಳು, ಮಂಜಿಷ್ಠದ ಬೇರಿನಿಂದ ಕೆಂಪು ತೆಗೆಯುವಳು.

ಆ ಕೆಂಪಿನ ಬಗ್ಗೆ ಅವಳಿಗೆ ಕೊಂಚ ಜಂಬವೇ ಇತ್ತು ಅನ್ನಿ. "ಪಟಿಕ ಹಾಕಿ ಕುದಿಸೀನಿ. ಕಲ್ಲಿಗೆ ಬಡದು ಒಗದರೂ ಬಣ್ಣ ಬಿಡೂದಿಲ್ಲ" ಎಂದು ಕೇಳಿದವರಿಗೂ ಹೇಳುವಳು, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುವಳು.

ಕಂಬಳಿ ಬೇಕೆಂದು ಯಾರ್ಯಾರೋ ಬರುತ್ತಿದ್ದರು. ಬೆಟ್ಟ ಬಂದು ನೀಲಿ ಕಂಬಳಿ ಹೊದ್ದುಕೊಂಡು ಹೋಯಿತು. ಹಳ್ಳ ಬಂದು ತನ್ನ ಅಂಕುಡೊಂಕನ್ನೇ ಅಂಚಿನ ಚಿತ್ತಾರ ಮಾಡಿಸಿಕೊಂಡು ಹೋಯಿತು. ಗಾಳಿಯೂ ಒಂದು ಕೇಳಿತ್ತು. ಅಳತೆ ಕೊಡಲು ಒಂದು ಗಳಿಗೆ ಸುಮ್ಮನೆ ನಿಂತರೆ ತಾನೆ? ಅದಕ್ಕೆ ಇವತ್ತಿಗೂ ಕಂಬಳಿಯಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಲಗಮವ್ವನ ಹೆಬ್ಬೆರಳ ಹತ್ತಿರದಿಂದ ಸಣ್ಣ ದನಿಯೊಂದು ಕೇಳಿಸಿತು.

"ಯವ್ವಾ, ಮಂದಿಗೆಲ್ಲಾ ಕೊಟ್ಟಿ. ನನಗೊಂದು ಕಂಬಳಿ ಕೊಡವ್ವಾ."

ಲಗಮವ್ವ ಬಗ್ಗಿ ನೋಡಿದಳು. ಹೆಸರುಕಾಳಿನಷ್ಟು ದೊಡ್ಡದೊಂದು ಹುಳು. ಬಣ್ಣವೂ ಇಲ್ಲ, ಕೂದಲೂ ಇಲ್ಲ, ಬರೀ ಮೈ. ಎಂಟು ಪುಟ್ಟ ಕಾಲುಗಳ ಮೇಲೆ ನಿಂತು ಅವಳ ಮುಖವನ್ನೇ ನೋಡುತ್ತಿತ್ತು.

"ಅಯ್ಯ ನನ ಕೂಸ, ಈ ಉರಿಬಿಸಲಾಗ ನಿನಗ್ಯಾಕ ಕಂಬಳಿ?"

"ಬಿಸಲಿಗಲ್ಲವ್ವಾ, ಮಳಿಗೆ. ನಮ್ಮ ಮಂದಿ ವರ್ಷಾನಗಟ್ಟಲೆ ಮಣ್ಣಾಗ ಮಲಗತೇವಿ. ಬ್ಯಾಸಗಿ ಮುಗದು ಮಿರಗದ ಮೊದಲ ಮಳಿ ಬಿದ್ದಾಗ ಅಷ್ಟ ಹೊರಗ ಬರತೇವಿ. ನಮ್ಮ ಮದವಿ, ನಮ್ಮ ಊಟ, ನಮ್ಮ ಹಬ್ಬ ಎಲ್ಲಾ ಆವತ್ತ. ಆದರ ಆ ಮಳಿ ಭಾಳ ತಂಪು. ಹ್ವಾದ ವರ್ಷ ಅರ್ಧ ಮಂದಿ ಚಳಿಗೇ ಹ್ವಾದರು. ಈ ವರ್ಷಾನೂ ಹಂಗ ಆದರ ನಮ್ಮ ಕುಲಾನ ಉಳಿಯೂದಿಲ್ಲ."

ಲಗಮವ್ವನ ಕಣ್ಣಲ್ಲಿ ನೀರು ತುಂಬಿತು. ಅಷ್ಟು ಸಣ್ಣ ಜೀವಕ್ಕೆ ಅಷ್ಟು ದೊಡ್ಡ ಕಷ್ಟ ಬರಬಾರದಿತ್ತು ಎನಿಸಿತು ಅವಳಿಗೆ.

"ಕೇಳಿದ್ರೇನ್ರಿ?" ಎಂದು ಗಂಡನನ್ನು ಕರೆದಳು. ಅಮೋಗೆಪ್ಪ ಮಗ್ಗದಿಂದ ಎದ್ದು ಬಂದ, ಹುಳುವನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ, ಗಹಗಹಿಸಿ ನಕ್ಕ.

"ಇದಕ್ಕ ನೇಯಾಕ ಹ್ವಾದರ ಹಾಸು ಯಾವುದು, ಹೊಕ್ಕು ಯಾವುದು ನನಗ ಕಾಣಬೇಕಲ್ಲ! ಇರಲಿ, ಒಂದು ಕೈ ನೋಡೂಣ."

ಮೊದಲು ಹಳೆಯ ಕಂಬಳಿಯ ಚೂರೊಂದನ್ನು ಹೊದಿಸಿದರು. ಹುಳು ಅದರಡಿಯಲ್ಲೇ ಕಳೆದುಹೋಯಿತು. ಹುಡುಕಲು ಅರ್ಧ ಮಧ್ಯಾಹ್ನ ಹಿಡಿಯಿತು. ಆಮೇಲೆ ಒಂದೇ ಒಂದು ಎಳೆಯನ್ನು ಸುತ್ತಿದರು. ಎಂಟು ಕಾಲಿಗೂ ಅದು ತೊಡರಿ, ಹುಳು ಲಟಕ್ಕನೆ ಉರುಳಿತು. ಕೊನೆಗೆ ಹಿಂಜಿದ ಕೆಂಪು ಉಣ್ಣೆಯ ನವಿರು ತುಪ್ಪಳವನ್ನು ಬೆನ್ನಮೇಲಿಟ್ಟರು. ಆಹಾ, ಎಷ್ಟು ಚಂದ ಒಪ್ಪಿತು! ಅಷ್ಟರಲ್ಲಿ ಗಾಳಿ ಬಂತು. ತುಪ್ಪಳ ಹಾರಿಹೋಯಿತು.

"ನಿನಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಲಗಮವ್ವ ಗದರಿದಳು.

"ನನಗಿರೂದ ಇದೊಂದ ಕೆಲಸ" ಎಂದಿತು ಗಾಳಿ. "ಬೈಯೂದು ಆಮ್ಯಾಲ ಬೈ. ಹಿಂದ ತಿರುಗಿ ನೋಡು ಮೊದಲು."

ಹಿಂದೆ ಆಕಾಶದ ಅಂಚಿನಲ್ಲಿ ಮೋಡ ಎದ್ದಿತ್ತು. ಕಪ್ಪಗೆ, ದಪ್ಪಗೆ, ತುಂಬು ಬಸುರಿಯ ಹಾಗೆ ಮೆಲ್ಲಗೆ ನಡೆದು ಬರುತ್ತಿತ್ತು.

"ಮೋಡವ್ವಾ, ಇವತ್ತೊಂದಿನ ಬರಬ್ಯಾಡ! ಹುಳದ ಕಂಬಳಿ ಇನ್ನೂ ಆಗಿಲ್ಲ!" ಎಂದು ಲಗಮವ್ವ ಕೈಮುಗಿದಳು.

"ನೀರು ಹೊತ್ತು ನಡ ಮುರದು ಹೋಗೇತಿ" ಎಂದು ಮೋಡ ನಿಟ್ಟುಸಿರುಬಿಟ್ಟಿತು. "ನೀ ಅಂತಿ ಅಂತ ತುಸು ಕೂಡತೀನಿ. ಲಗೂ ಮುಗಸು."

ಮಳೆ ಬರುತ್ತದೆಂದರೆ ಲಗಮವ್ವನಿಗೆ ಇನ್ನೊಂದು ಅವಸರ. ಮಗ್ಗಕ್ಕೆ ಏರಿಸಲೆಂದು ಅಂಗಳದಲ್ಲಿ ಉದ್ದಕ್ಕೆ ಚಾಚಿದ್ದ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವುದಿತ್ತು. ಹುಣಸೆ ಬೀಜ ನೆನೆಸಿ, ರುಬ್ಬಿ, ಕುದಿಸಿ ತಣಿಸಿದ ಗಂಜಿ ಅದು. ಅದನ್ನು ಹಚ್ಚಿ ಒಣಗಿಸಿದರೆ ಮಾತ್ರ ಉಣ್ಣೆಯ ಎಳೆ ಗಟ್ಟಿಯಾಗಿ ಮಗ್ಗಕ್ಕೆ ತಡೆಯುತ್ತದೆ. ಗಂಜಿಯ ಗಡಿಗೆ ಎತ್ತಿಕೊಂಡು ಅವಳು ಓಡಿದಳು. ಗಡಿಗೆಯ ಕಂಠದ ಮೇಲೆ ಹುಳು ಹತ್ತಿ ಕೂತಿದ್ದನ್ನು ನೋಡಲೇ ಇಲ್ಲ. ಪುಳಕ್!

"ಯವ್ವಾ!"

ಲಗಮವ್ವ ಗಾಬರಿಯಿಂದ ಬೆರಳಿಟ್ಟು ಎತ್ತಿದಳು. ಒರೆಸಲು ಕೈಗೆ ಬಟ್ಟೆ ಸಿಗಲಿಲ್ಲ. ಪಕ್ಕದ ಬುಟ್ಟಿಯಲ್ಲಿ ಕೆಂಪು ತುಪ್ಪಳವಿತ್ತು, ಅದರಲ್ಲೇ ಹೊರಳಾಡಿಸಿದಳು. ಹುಳು ಎದ್ದು ಮೈ ಕೊಡವಿತು. ತುಪ್ಪಳ ಬೀಳಲಿಲ್ಲ. ಗಾಳಿ ಬಂದು ಉಫ್ ಎಂದು ಊದಿತು. ಆಗಲೂ ಬೀಳಲಿಲ್ಲ. ತಲೆಯಿಂದ ಕಾಲಿನವರೆಗೆ ಮೈತುಂಬಾ ಕೆಂಪು ಕಂಬಳಿ!

ಆಮೇಲೆ ಕೇಳಬೇಕೆ? ಹುಳು ಮಣ್ಣಿನೊಳಗೆ ಕೂಗು ಹಾಕಿತು. ಅಜ್ಜ ಹುಳು, ಅಜ್ಜಿ ಹುಳು, ಮದುಮಗ ಹುಳು, ಮದುಮಗಳು ಹುಳು, ಕೂಸು ಹುಳು, ಎಲ್ಲ ಸಾಲುಗಟ್ಟಿ ಬಂದವು. ಗಂಜಿಯಲ್ಲಿ ಒಂದು ಮುಳುಗು, ತುಪ್ಪಳದಲ್ಲಿ ಒಂದು ಹೊರಳು. ಅಂಗಳವೆಲ್ಲ ಕುಂಕುಮ ಚೆಲ್ಲಿದಂತಾಯಿತು. ಅಮೋಗೆಪ್ಪ ಮಗ್ಗ ಬಿಟ್ಟು ಬಂದು ಕೂಸುಗಳನ್ನು ಒಂದೊಂದಾಗಿ ಎತ್ತಿ ಬಿಸಿಲಲ್ಲಿ ಒಣಗಲು ಬಿಟ್ಟ.

ಸ್ವಲ್ಪ ಹೊತ್ತಿಗೆ ಅಂಗಳದ ಸದ್ದೆಲ್ಲ ನಿಂತಿತು. ಲಗಮವ್ವ ತಿರುಗಿ ನೋಡಿದಳು. ಒಂದು ಹುಳುವೂ ಅಲುಗಾಡುತ್ತಿಲ್ಲ.

"ಯವ್ವಾ..." ಮೊದಲ ಹುಳು ಕಷ್ಟಪಟ್ಟು ಬಾಯಿ ತೆರೆಯಿತು. "ಕಾಲು ಮಡಚಾಕ ಬರವಲ್ದು."

ಗಂಜಿ ಒಣಗಿ ಹಲಗೆಯಾಗಿತ್ತು. ಲಗಮವ್ವ ಓಡಿ ಬಂದು ಒಂದೊಂದನ್ನೇ ಮುಟ್ಟಿ ನೋಡಿದಳು. ಚಳಿಯಿಂದ ಉಳಿಸಲು ಹೋಗಿ ಕುಲಕ್ಕೆ ಕುಲವನ್ನೇ ಕಟ್ಟಿಹಾಕಿಬಿಟ್ಟೆನಲ್ಲ ಎಂದು ನೆಲಕ್ಕೆ ಕುಸಿದು ಅತ್ತಳು. ಅಮೋಗೆಪ್ಪನಿಗೂ ನಗು ಬರಲಿಲ್ಲ. ಏನು ಮಾಡಬೇಕೆಂದು ತೋಚದೆ, ಆಗತಾನೇ ನೇಯ್ದು ಮುಗಿಸಿದ್ದ ಕಂಬಳಿಯನ್ನಾದರೂ ಅವಳ ಹೆಗಲಿಗೆ ಹಾಕೋಣವೆಂದು ತಂದ. ಹೊಸ ಕಂಬಳಿ ಬಾಗಲೊಲ್ಲದು. ಬಾಗಿಲಿನ ಹಾಗೆ ಸೆಟೆದು ನಿಂತಿತು.

ಲಗಮವ್ವ ಕಣ್ಣೊರೆಸಿಕೊಂಡು ಅದನ್ನೇ ನೋಡಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡು ನಗಲು ಶುರುಮಾಡಿದಳು.

"ನನ್ನ ಬುದ್ಧಿಗಿಷ್ಟು! ಹೊಸಾ ಕಂಬಳಿ ಯಾವತ್ತರ ಮೆತ್ತಗ ಇರತೈತೇನ್ರಿ? ಒಂದು ಮಳಿಯಾಗ ತೊಯ್ಸಿಕೊಂಡ ಮ್ಯಾಲ ಅಲ್ಲೇನು ಅದು ಮೈಗೆ ಕೂಡೂದು!"

ಎದ್ದು ದಿಬ್ಬದ ತುದಿಗೆ ಓಡಿ ಎರಡೂ ಕೈ ಎತ್ತಿದಳು. "ಮೋಡವ್ವಾ, ಬಾರವ್ವಾ! ಲಗೂ ಬಾ!"

"ಆಗ ಬರಬ್ಯಾಡ ಅಂದಿ, ಈಗ ಬಾ ಅಂತಿ!" ಎಂದು ಮೋಡ ಗುಡುಗಿತು. ಆದರೆ ಹೊತ್ತು ಹೊತ್ತು ಸಾಕಾಗಿದ್ದ ಮೋಡ ಅದು, ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ದಬದಬನೆ ಸುರಿಯಿತು. ಮಿರಗದ ಮೊದಲ ಮಳೆ!

ಹನಿ ಬಿದ್ದ ಹಾಗೆ ಗಂಜಿ ಸಡಿಲವಾಯಿತು. ಕೂಸು ಹುಳುವಿನ ಒಂದು ಕಾಲು ಅಲುಗಿತು. ಅಜ್ಜಿ ಹುಳುವಿನ ಎರಡು ಕಾಲು ಅಲುಗಿದವು. ನೋಡನೋಡುತ್ತಿದ್ದಂತೆ ದಿಬ್ಬದ ತುಂಬ ಕೆಂಪು ಕಂಬಳಿಗಳು ಓಡಾಡತೊಡಗಿದವು. ಉಣ್ಣೆ ಮೈಗೆ ಬೇರೂರಿ ಮೆತ್ತಗಾಗಿತ್ತು. ಚಳಿ ಒಳಗೆ ಇಳಿಯಲಿಲ್ಲ, ಬಣ್ಣ ಹೊರಗೆ ಇಳಿಯಲಿಲ್ಲ. ಆವತ್ತು ಹುಳುಗಳ ಮದುವೆಯಾಯಿತು, ಊಟವಾಯಿತು, ಒಂದು ಜೀವವೂ ನಡುಗಲಿಲ್ಲ. ಲಗಮವ್ವ ಗಂಡನ ಕೈ ಹಿಡಿದುಕೊಂಡು ಮಳೆಯಲ್ಲೇ ನಿಂತು ನೋಡಿದಳು. ಅಷ್ಟು ಸಂತೋಷ ಅವಳಿಗೆ ಬೆಟ್ಟಕ್ಕೆ ಹೊದಿಸಿದಾಗಲೂ ಆಗಿರಲಿಲ್ಲ.

ಅದಕ್ಕೇ ಮಗೂ, ಬಿಸಿಲು ಕಾಯುವಾಗ ಮಳೆಹುಳು ಎಲ್ಲೂ ಕಾಣುವುದಿಲ್ಲ. ಕಂಬಳಿ ಬಿರುಸಾಗುತ್ತದೆಂದು ಮಣ್ಣಿನೊಳಗೆ ಮಲಗಿರುತ್ತದೆ. ಮೊದಲ ಮಳೆಗೆ ಕಂಬಳಿ ಮೆತ್ತಗಾದ ಕೂಡಲೇ ಹೊಲದ ಬದುವಿನ ಮೇಲೆ ಕೆಂಪಗೆ ಹೊರಟುಬರುತ್ತದೆ. ನೀನು ಮೆಲ್ಲಗೆ ಅಂಗೈಯಲ್ಲಿ ಎತ್ತಿಕೊಂಡರೆ ಕಾಲು ಮುದುಡಿ ಸುಮ್ಮನೆ ಕೂರುತ್ತದಲ್ಲ, ಹೆದರಿ ಅಲ್ಲ ಅದು. ತನ್ನ ಕಂಬಳಿಯನ್ನು ನೀನು ಕಣ್ತುಂಬ ನೋಡಲಿ ಎಂದು.